ಕೋಳಿಮರಿ ಹೊರಬರುವುದನ್ನು ಲೈವ್ ತೋರಿಸಿದ ಬಗೆ

ಹೇಂಟೆ ಕಾವಿಗೆ ಕೂತರೆ ಮರಿ ಬರುವುದೆಲ್ಲ ಅದರ ಹೊಟ್ಟೆಯಡಿ, ನಮಗೇನೂ ಕಾಣುವುದಿಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಕ್ಕಳಿಗೆ ಅದನ್ನು ತೋರಿಸಲೇಬೇಕು ಅಂತ ಅಂಕೋಲೆಯ ನಮ್ಮ ಮನೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರ್‌ಗೇ ಕ್ಯಾಮೆರಾ ಇಟ್ಟೆ. ಕ್ಯಾಮೆರಾ ಅಂದರೆ ಹಳೆ ಮೊಬೈಲು, ಅಷ್ಟೇ.

ಇನ್‌ಕ್ಯುಬೇಟರ್ ಥರ್ಮಾಕೋಲ್ ಪೆಟ್ಟಿಗೆಯದು. ಫ್ಯಾನು, ಬಲ್ಬು, ಮೇಲೆ ಗಾಜು. ಒಳಗೆ 37.5 ಡಿಗ್ರಿ ಇರಬೇಕು. ಮೊದಲ 18 ದಿನ ಮೊಟ್ಟೆಗಳನ್ನು ದಿನಕ್ಕೆ ಮೂರೋ ಐದೋ ಸಲ ತಿರುಗಿಸಬೇಕು, ಇಲ್ಲದಿದ್ದರೆ ಬೆಳೆಯುತ್ತಿರುವ ಮರಿ ಒಳಪೊರೆಗೆ ಅಂಟಿಕೊಳ್ಳುತ್ತದೆ. ವಾರ ಕಳೆದ ಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದರೆ ಜೇಡರ ಬಲೆಯ ಹಾಗೆ ರಕ್ತನಾಳ ಕಾಣುತ್ತದೆ. ಏನೂ ಕಾಣದವನ್ನು ತೆಗೆದುಬಿಡುತ್ತೇನೆ.

ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿ ಒದ್ದೆ ಬಟ್ಟೆ ಒಣಗಲು ಬಿಡುವುದಿಲ್ಲ. ಹಾಗಂತ ಪೆಟ್ಟಿಗೆಯಲ್ಲೂ ತೇವ ಜಾಸ್ತಿ ಅಂದುಕೊಳ್ಳಬೇಡಿ. ಅದೇ ಗಾಳಿ ಒಳಗೆ ಬಿಸಿಯಾದಾಗ ತೇವಾಂಶ ಶೇ 50ರ ಆಸುಪಾಸಿಗೆ ಇಳಿಯುತ್ತದೆ. ಮೊದಲ 18 ದಿನಕ್ಕೆ ಅದು ಸರಿಯೇ. ಕೊನೆಯ ಮೂರು ದಿನ ಮಾತ್ರ ನೀರಿಟ್ಟು ಶೇ 65-70ಕ್ಕೆ ಏರಿಸಬೇಕು. ಕ್ಯಾಮೆರಾದವನಿಗೆ ತಲೆನೋವು ಶುರುವಾಗುವುದೇ ಆಗ. ಗಾಜಿನ ಒಳಮೈಗೆ ಹನಿ ಕಟ್ಟುತ್ತದೆ, ಒರೆಸಲು ಮುಚ್ಚಳ ತೆಗೆಯುವ ಹಾಗಿಲ್ಲ. ಅದಕ್ಕೆ ಅರ್ಧ ಇಂಚು ಬಿಟ್ಟು ಮೇಲೊಂದು ಗಾಜು ಕೂರಿಸಿದೆ. ಕೆಳಗಿನ ಗಾಜು ತಣ್ಣಗಾಗುವುದು ತಪ್ಪಿತು, ಹನಿಯೂ ಹೋಯಿತು. ಗಾಳಿ ಆಡುವ ತೂತು ಮಾತ್ರ ಮುಚ್ಚಬಾರದು. ಮೊಬೈಲು ಯಾವಾಗಲೂ ಪೆಟ್ಟಿಗೆಯ ಹೊರಗೇ.

ಯೂಟ್ಯೂಬ್‌ನಲ್ಲಿ ಮೊದಲ ಸಲ ಲೈವ್ ಮಾಡಲು ಅನುಮತಿ ಸಿಗಲು 24 ಗಂಟೆವರೆಗೂ ಹಿಡಿಯಬಹುದು, ಮೊದಲೇ ಕೇಳಿಟ್ಟುಕೊಳ್ಳಿ. 12 ಗಂಟೆ ಮೀರಿದ ಲೈವ್‌ನ ರೆಕಾರ್ಡಿಂಗ್ ಅದರಲ್ಲಿ ಉಳಿಯುವುದಿಲ್ಲ, ನಡುವೆ ನಿಲ್ಲಿಸಿ ಮತ್ತೆ ಶುರು ಮಾಡುತ್ತೇನೆ. ಇನ್ನು ಕರೆಂಟು. ನಮ್ಮ ಜಿಲ್ಲೆಯ ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ನಮ್ಮ ಮನೆಗೆ ಬರುವ ತಂತಿಗೆ ಒಂದು ಹಲಸಿನ ಟೊಂಗೆ ಸಾಕು. ಪೆಟ್ಟಿಗೆಗೂ ವೈಫೈಗೂ ಇನ್ವರ್ಟರ್ ಬೇಕೇ ಬೇಕು.

ಇಪ್ಪತ್ತನೇ ದಿನದ ಹೊತ್ತಿಗೆ ಮರಿ ದಪ್ಪ ತುದಿಯ ಗಾಳಿಗೂಡಿಗೆ ಕೊಕ್ಕು ತೂರಿಸಿ ಉಸಿರಾಡತೊಡಗುತ್ತದೆ. ಮೊಟ್ಟೆ ಇಡಿಯಾಗಿದ್ದಾಗಲೇ ಒಳಗಿಂದ ಚಿಂವ್ ಚಿಂವ್ ಕೇಳುತ್ತದೆ. ಮೊಬೈಲಿನ ಮೈಕನ್ನು ಗಾಳಿತೂತಿನ ಹತ್ತಿರ ತನ್ನಿ, ನನ್ನನ್ನು ಕೇಳಿದರೆ ಇಡೀ ಲೈವ್‌ನಲ್ಲಿ ಇದೇ ಒಳ್ಳೆಯ ಭಾಗ. ಆಮೇಲೆ ಕೊಕ್ಕಿನ ಮೇಲಿನ ಪುಟ್ಟ ಹಲ್ಲಿನಿಂದ ಕುಟ್ಟಿ ಓಡಿನಲ್ಲಿ ನಕ್ಷತ್ರದಂಥ ಬಿರುಕು ಬಿಡಿಸುತ್ತದೆ. ಆಮೇಲೆ? ಗಂಟೆಗಟ್ಟಲೆ ಏನೂ ಇಲ್ಲ.

ಮೆಸೇಜು ಬರುವುದು ಆಗಲೇ. "ಮಾವ, ಸತ್ತೇ ಹೋಯ್ತಾ?" "ಸ್ವಲ್ಪ ಒಡೆದುಕೊಡಿ ಮಾವ, ಪಾಪ!" ಒಡೆಯಬಾರದು. ಒಳಪೊರೆಯ ನಾಳಗಳಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ, ಹಳದಿ ಲೋಳೆಯನ್ನು ಮರಿ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಸಿಪ್ಪೆ ಕಿತ್ತರೆ ರಕ್ತ ಸುರಿದು ಸಾಯುತ್ತದೆ. ಮುಚ್ಚಳ ತೆಗೆದರೂ ಕಷ್ಟವೇ, ತೇವ ಹೋಗಿ ಪೊರೆ ಮರಿಯ ಮೈಗೆ ಅಂಟಿ ಒಣಗುತ್ತದೆ. ಹಾಗಾಗಿ ಒಂದು ಚೀಟಿ ಬರೆದು ಗಾಜಿನ ಮೂಲೆಗೆ ಅಂಟಿಸಿದೆ, ಪರದೆಯ ಮೇಲೆ ಸದಾ ಕಾಣುವ ಹಾಗೆ: 'ಮರಿ ಬದುಕಿದೆ. ಸುಸ್ತಾಗಿ ಮಲಗಿದೆ. ಮುಚ್ಚಳ ತೆಗೆಯುವುದಿಲ್ಲ.' ಮೊದಲ ತೂತಿನಿಂದ ಹೊರಬರುವವರೆಗೆ 12ರಿಂದ 24 ಗಂಟೆ ಆಗುವುದು ಮಾಮೂಲು.

ಕೊನೆಯದು ಬೇಗ ಮುಗಿಯುತ್ತದೆ. ಮರಿ ಒಳಗೇ ತಿರುಗುತ್ತಾ ದಪ್ಪ ತುದಿಯನ್ನು ಸುತ್ತಲೂ ಕತ್ತರಿಸಿ, ಕಾಲಿನಿಂದ ಒದ್ದು, ದೊಪ್ಪನೆ ಹೊರಗೆ ಬೀಳುತ್ತದೆ. ಒದ್ದೆ ಮೈ, ನೋಡಲು ಸುಂದರವೇನಲ್ಲ. ಎದ್ದು ತೂರಾಡುತ್ತಾ ಉಳಿದ ಮೊಟ್ಟೆಗಳನ್ನು ಉರುಳಿಸುತ್ತದೆ, ಮಕ್ಕಳಿಗೆ ಅದೇ ಗಾಬರಿ. ಏನೂ ಆಗುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಲೋಳೆಯೇ ಎರಡು ದಿನಕ್ಕೆ ಊಟ, ಆದ್ದರಿಂದ ಪೂರ್ತಿ ಒಣಗಿ ತುಪ್ಪಳ ಬಿಚ್ಚುವವರೆಗೆ ಪೆಟ್ಟಿಗೆಯಲ್ಲೇ ಬಿಡುತ್ತೇನೆ.

ಆಮೇಲೆ ರಟ್ಟಿನ ಡಬ್ಬಿ, ಮೇಲೊಂದು ಬಲ್ಬು. ಮೊದಲ ವಾರ 35 ಡಿಗ್ರಿಯಷ್ಟು ಬಿಸಿ ಬೇಕು. ಚಳಿಯಾದರೆ ಮರಿಗಳು ಬಲ್ಬಿನಡಿ ಒತ್ತಿಕೊಂಡು ಕೂರುತ್ತವೆ, ಸೆಕೆಯಾದರೆ ಮೂಲೆಗೆ ಓಡುತ್ತವೆ. ಬಲ್ಬಿನ ಎತ್ತರವನ್ನು ನಾನು ಅದನ್ನು ನೋಡಿಯೇ ಸರಿಮಾಡುವುದು.