ಕ್ಲಾಸ್ ಆರಿಸುವ ಮುಂಚೆ ಸ್ವಲ್ಪ ತಡೆಯಿರಿ

ಹೊಸ ಆನ್‌ಲೈನ್ ಆರ್‌ಪಿಜಿ (ಒಂದು ಪಾತ್ರವನ್ನು ಬೆಳೆಸುತ್ತಾ ಆಡುವ ಗೇಮ್) ಶುರು ಮಾಡುವಾಗ ಮೊದಲು ನೋಡಬೇಕಾದದ್ದು ಒಂದೇ: ಕ್ಲಾಸ್, ಅಂದರೆ ನಿಮ್ಮ ಕ್ಯಾರೆಕ್ಟರ್ ಯಾವ ಥರದ್ದು ಅನ್ನುವುದು, ಆಮೇಲೆ ಬದಲಾಯಿಸಬಹುದಾ, ಇಲ್ವಾ?

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಆಗುವುದಿಲ್ಲ. ಮೇಜ್ (ಮಂತ್ರಗಾರ) ಆದರೆ ಕೊನೆತನಕ ಮೇಜೇ. ಹೀಲರ್ (ಜೊತೆಯವರ ಗಾಯ ವಾಸಿ ಮಾಡುವವ) ಆಗುವ ಆಸೆ ಬಂತೋ, ಬೇರೆ ಕ್ಯಾರೆಕ್ಟರ್ ಮಾಡಿ ಮತ್ತೆ ಲೆವೆಲ್ ಏರಿಸುತ್ತಾ ಕೂರಬೇಕು. ನಿಮ್ಮ ಮನಸ್ಸು ನಿಲ್ಲುವಂಥದ್ದಲ್ಲ ಅಂದರೆ ಡ್ರೂಯಿಡ್ ಅನ್ನುವ ಕ್ಲಾಸ್ ತೆಗೆದುಕೊಳ್ಳಿ, ಸ್ಪೆಕ್ (ಕ್ಲಾಸಿನೊಳಗೆ ಆರಿಸುವ ಪರಿಣತಿ) ಬದಲಾಯಿಸಿದರೆ ಅದೇ ಕ್ಯಾರೆಕ್ಟರ್ ಮುಂದೆ ನಿಂತು ಏಟು ತಡೆಯುವ ಟ್ಯಾಂಕೂ ಆಗುತ್ತದೆ, ಹೀಲರೂ ಆಗುತ್ತದೆ, ಹೊಡೆಯುವುದಕ್ಕೂ ಬರುತ್ತದೆ.

ಫೈನಲ್ ಫ್ಯಾಂಟಸಿ 14ರಲ್ಲಿ ಈ ತಲೆನೋವಿಲ್ಲ. ಕೈಲಿರುವ ಆಯುಧ ಬದಲಿಸಿದರೆ ಕ್ಲಾಸೇ ಬದಲು. ಆದರೆ ಪ್ರತಿ ಕ್ಲಾಸಿಗೂ ಲೆವೆಲ್ ಬೇರೆ, ಅದಕ್ಕೆ ಒಂದನ್ನು ಹಿಡಿದು ಮುಖ್ಯ ಕಥೆ ಮುಂದುವರಿಸಿ, ಉಳಿದದ್ದು ಆಮೇಲೆ.

ಕ್ಲಾಸೇ ಇಲ್ಲದ ಗೇಮ್‌ಗಳಲ್ಲಿ ಹುಷಾರು. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲಿ ಒಂದು ಸ್ಕಿಲ್‌ಗೆ 100, ಒಟ್ಟು 700 ಪಾಯಿಂಟ್ ಮಿತಿ ಇತ್ತು. ಅಂದರೆ ಪೂರ್ತಿ ಕಲಿಯಬಹುದಾದದ್ದು ಏಳೇ. ಇಂಥ ಕಡೆ ನಾನು ಸುಮ್ನೆ ಸಿಕ್ಕಿದ್ದಕ್ಕೆಲ್ಲ ಪಾಯಿಂಟ್ ಹಂಚಿ, ಕತ್ತಿಯೂ ಬಾರದೆ ಮಂತ್ರವೂ ಬಾರದೆ ಒದ್ದಾಡಿದ್ದೇನೆ. ಮೊದಲು ಒಂದು ಆಯುಧ, ಜೊತೆಗೆ ಗಾಯ ವಾಸಿ ಮಾಡುವ ಒಂದು ಸ್ಕಿಲ್, ಇವೆರಡನ್ನು ಗಟ್ಟಿ ಮಾಡಿಕೊಳ್ಳಿ.