ಎಳೆದರೂ ಆರದ ಬೆಳಕು: ಉಪ್ಪಿನ ಜೆಲ್ ಜೊತೆ ನನ್ನ ಅನುಭವ

"ನೀರು ತುಂಬಿದ ಜೆಲ್‌ಗೆ ನೂರಾರು ವೋಲ್ಟ್ ಕೊಟ್ರೆ ಗುಳ್ಳೆ ಏಳುತ್ತೆ, ಬೆಳಕು ಬರಲ್ಲ." ಇದನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ! ಈಗ ಅದೇ ಜೆಲ್ ಇಟ್ಟು ಮಾಡಿದ ನನ್ನ ಬೆಳಗುವ ಪಟ್ಟಿ ಎರಡರಷ್ಟು ಉದ್ದ ಎಳೆದರೂ ಹಸಿರಾಗಿ ಉರಿಯುತ್ತದೆ. ಮಧ್ಯೆ ಬೆಳಗುವ ಪುಡಿ ಬೆರೆಸಿದ, ರಬ್ಬರಿನಂಥ ಸಿಲಿಕೋನ್ ಪದರ; ಅದರ ಎರಡೂ ಬದಿಗೆ ಕರೆಂಟ್ ಒಯ್ಯುವ ಪದರ, ಅಂದರೆ ಎಲೆಕ್ಟ್ರೋಡ್. ಅದು ಪಟ್ಟಿಯ ಜೊತೆ ಹಿಗ್ಗಬೇಕು, ಮುಂಬದಿಯದು ಬೆಳಕನ್ನೂ ಹೊರಬಿಡಬೇಕು.

ಎಲೆಕ್ಟ್ರೋಡ್‌ಗೆ ಮೊದಲು ಹಿಡಿದದ್ದು ಬೆಳ್ಳಿ ನ್ಯಾನೋವೈರ್, ಅಂದರೆ ಕೂದಲಿಗಿಂತ ಎಷ್ಟೋ ತೆಳುವಾದ ಬೆಳ್ಳಿ ಎಳೆಗಳು. ಕೈಲಿದ್ದ ದುಡ್ಡಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಆ ಪುಟ್ಟ ಬಾಟಲಿಯೇ ನುಂಗಿತು. ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಎಳೆದು ಬಿಟ್ಟು ಮಾಡುತ್ತಾ ಹೋದಂತೆ ರೆಸಿಸ್ಟೆನ್ಸ್ ಏರಿತು, ನಡುನಡುವೆ ಕಪ್ಪು ಪಟ್ಟೆಗಳು ಬಂದವು. ಕಾರ್ಬನ್ ಗ್ರೀಸ್ ಅಗ್ಗ, ಎಷ್ಟು ಬೇಕಾದರೂ ಎಳೆಯಬಹುದು. ಆದರೆ ಕಪ್ಪು, ಹಿಂಬದಿಗಷ್ಟೇ ಸರಿ.

2016ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಹೈಡ್ರೋಜೆಲ್ (ನೀರು ತುಂಬಿದ ಜೆಲ್) ಎಲೆಕ್ಟ್ರೋಡ್ ಇಟ್ಟೇ ಬೆಳಗುವ ಚರ್ಮ ಮಾಡಿ ತೋರಿಸಿತ್ತಲ್ವಾ? ನಾನೂ ಪಾಲಿಅಕ್ರಿಲಮೈಡ್ ಜೆಲ್‌ಗೆ ಲಿಥಿಯಂ ಕ್ಲೋರೈಡ್ ಎಂಬ ಉಪ್ಪು ಬೆರೆಸಿದೆ; ಜೆಲ್‌ನಲ್ಲಿ ಕರೆಂಟ್ ಹರಿಯುವುದು ಅದರಿಂದಲೇ. ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಕೊಟ್ಟಾಗ ವೋಲ್ಟೇಜ್ ಬಹುಪಾಲು ಬೀಳುವುದು ಮಧ್ಯದ ಸಿಲಿಕೋನ್ ಪದರದ ಮೇಲೆ. ತಂತಿ ಜೆಲ್‌ಗೆ ತಾಗುವ ಕಡೆ ಒಂದು ವೋಲ್ಟೂ ಇರುವುದಿಲ್ಲ. ನೀರು ಒಡೆಯುವುದಕ್ಕೆ ಅಷ್ಟು ಸಾಲದು, ಗುಳ್ಳೆ ಎಲ್ಲಿಂದ ಬರಬೇಕು?

ನಿಜವಾಗಿ ಕಾಡಿದ್ದು ಅಂಟು. ಜೆಲ್ ಸಿಲಿಕೋನ್‌ಗೆ ಹಿಡಿಯದೆ ಸಿಪ್ಪೆಯಂತೆ ಎದ್ದುಬರುತ್ತಿತ್ತು. ಬೆಂಜೋಫಿನೋನ್ (ಯುವಿ ಬಿದ್ದಾಗ ಎರಡನ್ನೂ ಬೆಸೆಯಲು ನೆರವಾಗುವ ರಾಸಾಯನಿಕ) ಸವರಿ ಯುವಿ ಬೆಳಕಲ್ಲಿ ಗಟ್ಟಿ ಮಾಡಿದ ಮೇಲೆ ನಿಂತಿತು. ಎಷ್ಟು ಹೊತ್ತು ನೆನೆಸಬೇಕು, ಹೇಗೆ ಒರೆಸಬೇಕು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ!

ಬೆಳಗುವ ಪುಡಿ ಅಂದರೆ ತಾಮ್ರ ಬೆರೆತ ಜಿಂಕ್ ಸಲ್ಫೈಡ್. ಅದನ್ನು ಸಿಲಿಕೋನ್‌ಗೆ ತೂಕದಲ್ಲಿ ಹೆಚ್ಚುಕಡಿಮೆ ಸಮಸಮ ಹಾಕಿದೆ. ಪದರ ಅಂದಾಜು 100 ಮೈಕ್ರಾನ್. ನಿರ್ವಾತದಲ್ಲಿ ಗಾಳಿ ತೆಗೆಯುವುದಕ್ಕೆ ಜಿಪುಣತನ ಬೇಡ. ಒಂದು ಗುಳ್ಳೆ ಉಳಿದರೂ ಅಲ್ಲೇ ಕಿಡಿ ಹಾರಿ ಸೂಜಿಮೊನೆಯಷ್ಟು ತೂತು, ಇಡೀ ಪೀಸ್ ಕಸಕ್ಕೆ. ಪ್ಲಾಟಿನಂ ನೆರವಿನಿಂದ ಗಟ್ಟಿಯಾಗುವ ಈ ಬಗೆಯ ಸಿಲಿಕೋನ್ ಮುಟ್ಟುವಾಗ ಲೇಟೆಕ್ಸ್ ಗ್ಲೌಸ್ ಹಾಕಿದರೆ ಅದು ಗಟ್ಟಿಯೇ ಆಗುವುದಿಲ್ಲ. ನೈಟ್ರೈಲ್ ಹಾಕಿ.

ಸುಮ್ನೆ ಕುತೂಹಲಕ್ಕೆ ಬೇರಿಯಂ ಟೈಟನೇಟ್ ಎಂಬ ಸೆರಾಮಿಕ್ ಪುಡಿ ಸೇರಿಸಿ ನೋಡಿದೆ. ಕಡಿಮೆ ವೋಲ್ಟೇಜಿಗೇ ಹೊಳಪು ಜಾಸ್ತಿ ಬಂತು, ಪದರ ಮಾತ್ರ ಬಿರುಸಾಯಿತು. ಬಿಟ್ಟೆ. ಎಸಿಯ ಫ್ರೀಕ್ವೆನ್ಸಿ ಏರಿಸಿದರೆ ಹಸಿರು ನೀಲಿಯತ್ತ ತಿರುಗುತ್ತದೆ, ನೋಡೋಕೆ ಮಜಾ. ಆದರೆ ಇನ್ವರ್ಟರ್ (ಪಟ್ಟಿಗೆ ಎಸಿ ಕೊಡುವ ಡ್ರೈವರ್) ಕಿವಿ ಕೊರೆಯುವ ಹಾಗೆ ಕೂಗುತ್ತದೆ. ನಾನು ಸುಮಾರು 1 ಕಿಲೋಹರ್ಟ್ಸ್‌ನಲ್ಲೇ ಇಟ್ಟಿದ್ದೇನೆ.

ಲಿಥಿಯಂ ಕ್ಲೋರೈಡ್ ನೀರನ್ನು ಹಿಡಿದಿಡುತ್ತದೆ, ನಿಜ. ಆದರೂ ಅಂಚು ಒಣಗುತ್ತದೆ. ಅದಕ್ಕೇ ಸುತ್ತ ಸಿಲಿಕೋನ್ ಮುಚ್ಚಿ ಸೀಲ್ ಮಾಡಿದ್ದೇನೆ. ಮೈಗೆ ತಾಗುವ ವಸ್ತು, ಒಳಗೆ ನೂರಾರು ವೋಲ್ಟ್. ಇನ್ಸುಲೇಶನ್ ಎರಡು ಪದರ ಇರಲಿ, ಡ್ರೈವರ್‌ಗೆ ಕರೆಂಟ್ ಮಿತಿಯೂ ಇರಲಿ. ಜೆಲ್‌ನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಈಗ ದುಡ್ಡು ಸುರಿಯುತ್ತಿರುವುದು ಆ ಡ್ರೈವರನ್ನು ಚಿಕ್ಕದು ಮಾಡುವುದಕ್ಕೆ.