ಹತ್ತೊಂಬತ್ತನೇ ಎಲೆಕ್ಟ್ರಾನ್ ಎಲ್ಲಿ ಕೂರುತ್ತದೆ?

ವಿಜಯಪುರದ ತಿಕೋಟಾ ಕಡೆ ಒಣದ್ರಾಕ್ಷಿ ಮಾಡುವುದನ್ನು ನೋಡಿದ್ದೀರಾ? ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಗೊಂಚಲು ಅದ್ದಿ, ಶೆಡ್ಡಿನ ಬಲೆಯ ಮೇಲೆ ಹರಡುತ್ತಾರೆ. ಸಿಪ್ಪೆಯ ಮೇಣ ಸಡಿಲಾಗಿ ಹಣ್ಣು ಬೇಗ ಒಣಗುತ್ತದೆ. ಆ ಪೊಟ್ಯಾಷಿಯಂನ ಪರಮಾಣು ಸಂಖ್ಯೆ 19. ಅಂದರೆ ಪರಮಾಣುವಿನಲ್ಲಿ 19 ಎಲೆಕ್ಟ್ರಾನ್. ಪೆನ್ಸಿಲ್ ತಗೊಳ್ಳಿ, ಜೋಡಿಸೋಣ.

ಮೊದಲು ಜಾಗದ ಲೆಕ್ಕ. ಆರ್ಬಿಟಲ್ ಅಂದರೆ ಎಲೆಕ್ಟ್ರಾನ್ ಸುತ್ತುವ ದಾರಿಯಲ್ಲ, ಅದು ಸಿಗುವ ಸಾಧ್ಯತೆ ಜಾಸ್ತಿ ಇರುವ ಜಾಗ. ಒಂದರಲ್ಲಿ ಎರಡೇ ಎಲೆಕ್ಟ್ರಾನ್, ಅವೂ ವಿರುದ್ಧ ಸ್ಪಿನ್ನಿನವು. ಸ್ಪಿನ್ ಎಲೆಕ್ಟ್ರಾನಿನ ಒಂದು ಗುಣ, ಅದಕ್ಕೆ ಮೇಲ್ಮುಖ, ಕೆಳಮುಖ ಅಂತ ಎರಡೇ ಬಗೆ. 1925ರಲ್ಲಿ ಭೌತವಿಜ್ಞಾನಿ ಪೌಲಿ ಕೊಟ್ಟ ನಿಯಮದ ಫಲ ಇದು. ಆರ್ಬಿಟಲ್‌ಗಳ ಗುಂಪುಗಳಿಗೆ ಎಸ್, ಪಿ, ಡಿ, ಎಫ್ ಅಂತ ಹೆಸರು. ಎಸ್‌ನಲ್ಲಿ 1 ಆರ್ಬಿಟಲ್, ಪಿಯಲ್ಲಿ 3, ಡಿಯಲ್ಲಿ 5, ಎಫ್‌ನಲ್ಲಿ 7. ಹಾಗಾಗಿ ಕ್ರಮವಾಗಿ 2, 6, 10, 14 ಎಲೆಕ್ಟ್ರಾನ್ ಹಿಡಿಯುತ್ತವೆ.

ಬರೆಯುವಾಗ ಅಕ್ಷರದ ಎಡಗಡೆಯ ಅಂಕಿ ಎಷ್ಟನೇ ಕವಚ (ಶೆಲ್) ಅಂತ ಹೇಳುತ್ತದೆ, ಮೇಲಿನ ಪುಟ್ಟ ಅಂಕಿ ಅಲ್ಲಿ ಎಷ್ಟು ಎಲೆಕ್ಟ್ರಾನ್ ಅಂತ. ಈಗ ಕಡಿಮೆ ಶಕ್ತಿಯ ಮಟ್ಟದಿಂದ ತುಂಬಿಸಿ: 1ಎಸ್² 2ಎಸ್² 2ಪಿ⁶ 3ಎಸ್² 3ಪಿ⁶. ಹದಿನೆಂಟು ಮುಗಿದವು. ಮುಂದಿನದು 3ಡಿಗೆ ಹೋಗಬೇಕು ಅನಿಸುತ್ತದೆ, ಅಲ್ವಾ? ಜಾಸ್ತಿ ಮಕ್ಕಳು ಎಡವುವುದು ಇಲ್ಲೇ. ತುಂಬುವ ಕ್ರಮ ತೋರಿಸುವ ಬಾಣದ ಚಿತ್ರವನ್ನು ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಒಂದು ಕೂಡುವ ಲೆಕ್ಕ ಕಲಿಯುವುದು ಒಳ್ಳೆಯದು. ಎಸ್‌ಗೆ 0, ಪಿಗೆ 1, ಡಿಗೆ 2, ಎಫ್‌ಗೆ 3 ಇಟ್ಟುಕೊಳ್ಳಿ. ಅಕ್ಷರದ ಎಡಗಡೆಯ ಅಂಕಿಗೆ ಇದನ್ನು ಕೂಡಿಸಿ. 3ಡಿಗೆ 3+2, ಐದು. 4ಎಸ್‌ಗೆ 4+0, ನಾಲ್ಕೇ. ಕಡಿಮೆ ಬಂದದ್ದು ಮೊದಲು ತುಂಬುತ್ತದೆ. 3ಪಿಗೂ ನಾಲ್ಕೇ ಬರುತ್ತದಲ್ಲ? ಮೊತ್ತ ಸಮ ಬಂದರೆ ಎಡಗಡೆಯ ಅಂಕಿ ಚಿಕ್ಕದಿರುವುದಕ್ಕೆ ಮೊದಲ ಸರದಿ. ಅದಕ್ಕೇ 3ಪಿ ಆದ ಮೇಲೆ 4ಎಸ್.

ಹತ್ತೊಂಬತ್ತನೆಯದು 4ಎಸ್‌ನಲ್ಲಿ ಒಂಟಿಯಾಗಿ ಕೂತಿತು. ನ್ಯೂಕ್ಲಿಯಸ್ಸಿನಿಂದ ದೂರ, ಹಿಡಿತ ಸಡಿಲ. ಪೊಟ್ಯಾಷಿಯಂ ಅದನ್ನು ಸಲೀಸಾಗಿ ಬಿಟ್ಟುಕೊಟ್ಟು ಅಯಾನ್, ಅಂದರೆ ವಿದ್ಯುದಂಶವಿರುವ ಪರಮಾಣು, ಆಗುತ್ತದೆ. ದ್ರಾಕ್ಷಿ ಅದ್ದುವ ನೀರಿನಲ್ಲಿರುವ ಪೊಟ್ಯಾಷಿಯಂ ಅಯಾನಿನಲ್ಲಿ 18 ಎಲೆಕ್ಟ್ರಾನ್ ಮಾತ್ರ.

ಪಿ, ಡಿ ತುಂಬಿಸುವಾಗ ಒಂದು ಆರ್ಬಿಟಲ್‌ಗೆ ಒಂದು ಚೌಕ ಬರೆದುಕೊಳ್ಳಿ, ಎಲೆಕ್ಟ್ರಾನಿಗೆ ಒಂದು ಬಾಣ. ನೈಟ್ರೋಜನ್ನಿನ 2ಪಿಯಲ್ಲಿ ಮೂರು ಎಲೆಕ್ಟ್ರಾನ್. ಮೂರು ಚೌಕಕ್ಕೂ ಒಂದೊಂದು ಮೇಲ್ಮುಖ ಬಾಣ. ಆಕ್ಸಿಜನ್ನಿನ ನಾಲ್ಕನೆಯದು ಬಂದಾಗಲೇ ಜೋಡಿ. ಇದು ಹುಂಡ್ ನಿಯಮ.

ಕ್ರೋಮಿಯಂ, ತಾಮ್ರ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಅವು 3ಡಿ⁵ 4ಎಸ್¹, 3ಡಿ¹⁰ 4ಎಸ್¹ ಆಗಿರುತ್ತವೆ. ಇವೆರಡನ್ನು ನೆನಪಿಡಲೇಬೇಕು.

ಇನ್ನು ಕಬ್ಬಿಣ, 26. 4ಎಸ್² 3ಡಿ⁶ಕ್ಕೆ ನಿಲ್ಲುತ್ತದೆ. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ ಕೊನೆಗೆ ತುಂಬಿದ 3ಡಿಯಿಂದ ಅಳಿಸಬೇಡಿ. ಮೊದಲು ಹೋಗುವುದು 4ಎಸ್‌ನವು. ಉಳಿಯುವುದು 3ಡಿ⁶.